ಎರಡು ಬಕೆಟ್ ಗಾಳಿ

"ಲಾಭ," ಎಂದು ಶರಣವ್ವ ಮೊದಲ ಬಕೆಟ್ ಚುರಮುರಿಯನ್ನು ಸ್ಪೀಕರ್ ಪೆಟ್ಟಿಗೆಯ ಬಾಯಿಗೆ ಸುರಿದಳು.

ಹಿತೇಶ್ ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದ. ಬೆಳಿಗ್ಗೆಯಿಂದ ಅವನು ಬಂದ ಇಬ್ಬರು ಹೆಂಗಸರಿಗೂ ಕೂರಲು ಹೇಳಿರಲಿಲ್ಲ, ನೀರು ಬೇಕೇ ಎಂದು ಕೇಳಿರಲಿಲ್ಲ. ಫ್ಯಾನನ್ನೂ ತನ್ನ ಕಡೆಗೇ ತಿರುಗಿಸಿಕೊಂಡಿದ್ದ.

"ಒಂದು ಅನ್ನಿ ಮೌಶಿ. ಲಾಭ ಅಂದ್ರೆ ಎಂತ? ಯಾರಿಗೆ ಲಾಭ, ಕುರ್ಮುರಾ ಮಾರಿದವನಿಗಾ?"

"ಕಣದಾಗ ರಾಶಿ ಅಳಿಯೂ ಮುಂದ ಒಂದು ಅನ್ನಾಂಗಿಲ್ಲ, ತಮ್ಮಾ. ಮೊದಲನೇದು ಲಾಭ. ಆಮ್ಯಾಲೆ ಎರಡು."

"ಇದು ಕಣ ಅಲ್ಲ. ನನ್ನ ವರ್ಕ್‌ಶಾಪ್."

"ಹೊಟ್ಟು ಬಿದ್ದದ್ದು ನೋಡಿದ್ರ ಕಣದಾಂಗ ಐತಿ," ಎಂದಳು ಶರಣವ್ವ, ಕಾಲಡಿಯ ಮರದ ಹೊಟ್ಟನ್ನು ಪಕ್ಕಕ್ಕೆ ಸರಿಸುತ್ತ.

ಘಾಟ್ಕೋಪರಿನ ದೇವಿ ಸೇವಾ ಮಂಡಳಿಯಲ್ಲಿ ಪೂಜಿಸುವ ದೇವಿಯ ಬೆಳ್ಳಿಯ ಮುಖ ದಸರೆಯ ಸಂಜೆ ಕಾಣೆಯಾಗಿತ್ತು. ಕಪಾಟಿನ ಬೀಗದ ಕೈ ಇದ್ದ ಧನರಾಜ್ ಲಾಕಪ್ಪಿನಲ್ಲಿದ್ದ. ಅವನ ಜಾಮೀನು ಅರ್ಜಿ ನಾಳೆ ಫೋರ್ಟಿನ ಕೋರ್ಟಿಗೆ ಬರುವುದಿತ್ತು.

ಅವನ ಹೆಂಡತಿ ಸೇವಂತಿ ಬಾಗಿಲ ಬಳಿ ಚುರಮುರಿಯ ಚೀಲ ಹಿಡಿದು ನಿಂತಿದ್ದಳು. ಊರು ಕಾರ್ಕಳದ ಕಡೆ. ಮದುವೆಯಾಗಿ ಮುಂಬಯಿಗೆ ಬಂದವಳು. ಫೋರ್ಟಿನಲ್ಲಿ ಶರಣವ್ವನ ಪುಟ್ಟ ಕಚೇರಿ ಇರುವುದು ಧನರಾಜ್ ಮ್ಯಾನೇಜರನಾಗಿರುವ ಉಡುಪಿ ಹೋಟೆಲಿನ ಮೇಲೆಯೇ. ಪೊಲೀಸ್ ಖಾತೆಯಿಂದ ನಿವೃತ್ತಳಾಗಿ ಖಾಸಗಿ ತನಿಖೆಗೆ ಇಳಿದ ಇಂಡಿ ತಾಲೂಕಿನ ಈ ಹೆಂಗಸನ್ನು ಮೆಟ್ಟಿಲು ಹತ್ತಿ ಕರೆಯಲು ಸೇವಂತಿಗೆ ಮೂರು ಸಲ ಧೈರ್ಯ ಸಾಲದೆ ಹೋಗಿತ್ತಂತೆ. ನಾಲ್ಕನೆಯ ಸಲ ಹತ್ತಿದವಳು ಒಂದೇ ಮಾತು ಹೇಳಿದ್ದಳು: "ಇವರನ್ನು ಹೊರಗೆ ತನ್ನಿ ಅಕ್ಕ."

"ಎರಡು," ಎಂದಳು ಶರಣವ್ವ.

ದಸರೆಯ ಸಂಜೆ ಮಂಡಳಿಯ ಗೇಟಿನಲ್ಲಿ ಎಲ್ಲರ ಚೀಲಗಳನ್ನೂ ಬಿಚ್ಚಿ ನೋಡಿದ್ದರು. ಬಿಚ್ಚದೆ ಹೊರಗೆ ಹೋದದ್ದು ಈ ಎರಡು ಸ್ಪೀಕರುಗಳು ಮಾತ್ರ. ಮಂಡಳಿಗಾಗಿ ಹಿತೇಶನೇ ಈ ವರ್ಷ ಹೊಸದಾಗಿ ಮಾಡಿಕೊಟ್ಟವು. ಮಂಡಳಿಯ ಸಭಾಂಗಣದಲ್ಲಿ ಇಡಲು ಜಾಗವಿಲ್ಲವೆಂದು ಹಬ್ಬ ಮುಗಿದ ಕೂಡಲೇ ಅವನ ಟೆಂಪೋದಲ್ಲೇ ಗೋರೆಗಾಂವಿನ ಈ ವರ್ಕ್‌ಶಾಪಿಗೆ ಮರಳಿದ್ದವು. ಎರಡು ದಿನ ಬಿಟ್ಟು ಪೊಲೀಸರು ಬಂದು ಸ್ಪೀಕರ್ ಕಳಚಿ, ಟಾರ್ಚ್ ಹಾಕಿ ನೋಡಿ, ಒಳಗೆ ಹತ್ತಿಯಂಥ ಉಣ್ಣೆ ಬಿಟ್ಟು ಬೇರೇನೂ ಇಲ್ಲವೆಂದು ಹೋಗಿದ್ದರು.

ಶರಣವ್ವ ಆ ಉಣ್ಣೆಯನ್ನೂ ಕೀಳಿಸಿದ್ದಳು. ಆದರೆ ಪೆಟ್ಟಿಗೆಯ ನಡುವೆ ಅಡ್ಡಹಲಗೆಗಳಿದ್ದವು. ಗೋಡೆಗಳು ಅದುರದಂತೆ ಬಿಗಿ ಹಿಡಿಯಲು ಇಟ್ಟವು. ಒಂದರ ಕಿಂಡಿಗೆ ಇನ್ನೊಂದರ ಕಿಂಡಿ ಎದುರಾಗದಂತೆ ಕೊರೆದವು. ಅದರಾಚೆ ಕೈ ಹೋಗದು, ಕೋಲು ತಿರುಗದು, ಟಾರ್ಚಿನ ಬೆಳಕು ತಳ ಮುಟ್ಟದು. ಕಾಳು ಮಾತ್ರ ಜಾರುತ್ತ ಮೂಲೆಮೂಲೆ ತುಂಬುತ್ತದೆ.

"ಮೂರು."

ಪೆಟ್ಟಿಗೆಗಳನ್ನು ಅಂಗಾತ ಮಲಗಿಸಿತ್ತು. ಸ್ಪೀಕರ್ ಕಳಚಿದ ದೊಡ್ಡ ತೂತು ಮೇಲಕ್ಕೆ ಬಾಯಿ ತೆರೆದಿತ್ತು. ಅದರ ಪಕ್ಕದಲ್ಲಿ, ಮುಷ್ಟಿ ಹೋಗುವಷ್ಟು ಅಗಲದ ಇನ್ನೊಂದು ತೂತು. ಒಳಗಿನ ಗಾಳಿ ಉಸಿರಾಡುವ ಪೈಪು ಅದು. ಅಳೆಯಲು ಶುರುಮಾಡುವ ಮೊದಲು ಶರಣವ್ವ ಎರಡೂ ಪೈಪುಗಳಲ್ಲಿ ತುದಿ ಬಾಗಿಸಿದ ತಂತಿಯೊಂದನ್ನು ಇಳಿಬಿಟ್ಟು, ಮೇಲೆಳೆದು, ಆಮೇಲೆ ಬಾಯಿಗೆ ಬಟ್ಟೆ ತುರುಕಿದ್ದಳು.

"ಹಾವು ಇಲ್ಲ ಮೌಶಿ ಒಳಗೆ," ಎಂದು ಹಿತೇಶ್ ನಕ್ಕಿದ್ದ.

ಈಗ ಅವನು ನಗುತ್ತಿರಲಿಲ್ಲ, ಮೊಬೈಲ್ ನೋಡುತ್ತಿದ್ದ. ನೋಡುತ್ತಿದ್ದಾನೆ ಎಂದು ತೋರಿಸುತ್ತಿದ್ದ. ಬೆರಳು ಪರದೆಯ ಮೇಲೆ ಸರಿಯುತ್ತಿರಲಿಲ್ಲ.

"ಸದಾನಂದಣ್ಣ ಹೇಳಿದ್ರು ಅಂತ ಬಿಟ್ಟೆ," ಎಂದ. ಸದಾನಂದ ಮಂಡಳಿಯ ಅಧ್ಯಕ್ಷ, ಧನರಾಜನ ಹೋಟೆಲಿನ ಮಾಲೀಕ, ದೂರು ಕೊಟ್ಟವನೂ ಅವನೇ. "ಡಬ್ಬ ಅವರದ್ದು. ಇಲ್ಲದಿದ್ರೆ ಈ ಟೈಂಪಾಸಿಗೆ ನಿಮ್ಮನ್ನು ಒಳಗೆ ಬಿಡ್ತಿರಲಿಲ್ಲ. ಟೇಪ್ ಹಿಡಿದು ಅಳೆದ್ರೆ ಆಗ್ತಿರಲಿಲ್ವಾ?"

"ಹೊರಗಿನ ಅಳತಿ ನಂಬಬ್ಯಾಡ್ರಿ ಅಂತ ಮೊನ್ನೆ ನೀನ ಹೇಳೀಯಲ್ಲ."

ಹೇಳಿದ್ದು ನಿಜ. ಮೊನ್ನೆ ಬಂದಾಗ, ಏನೂ ತಿಳಿಯದ ಮುದುಕಿಯ ಹಾಗೆ ಶರಣವ್ವ ಸುಮ್ಮನೆ ಕೇಳಿದ್ದಳು: ಇಷ್ಟು ದೊಡ್ಡ ಪೆಟ್ಟಿಗೆ ಯಾಕೆ ಬೇಕು? ಆಗ ಹಿತೇಶನ ಮುಖ ಅರಳಿತ್ತು. ಇಂಜಿನಿಯರಿಂಗ್ ಓದಿ, ಫಿಲ್ಮ್ ಸಿಟಿಯ ಸ್ಟುಡಿಯೋಗಳಿಗೆ ಸ್ಪೀಕರ್ ಮಾಡಿಕೊಡುವ ಹುಡುಗ. ತನ್ನ ವಿದ್ಯೆಯ ಬಗ್ಗೆ ಕೇಳುವವರು ಸಿಕ್ಕರೆ ಕಬ್ಬಿನ ಗಾಣದ ಹಾಗೆ ನಿಲ್ಲದೆ ಸುರಿಯುವವನು. ಬೇಸ್, ಅಂದರೆ ಗುಡುಗುವ ತಗ್ಗಿನ ದನಿ, ಹುಟ್ಟುವುದು ಸ್ಪೀಕರಿನಿಂದಲ್ಲ, ಒಳಗಿನ ಗಾಳಿಯಿಂದ ಎಂದಿದ್ದ. ಹೊರಗಿನ ಎತ್ತರ, ಅಗಲ, ಆಳದಲ್ಲಿ ಪ್ರತಿಯೊಂದರಿಂದಲೂ ಎರಡೂ ಕಡೆಯ ಹಲಗೆಯ ದಪ್ಪ ಕಳೆಯಬೇಕು. ಕಳೆದು ಗುಣಿಸಬೇಕು. ಬಂದದ್ದರಲ್ಲಿ ಅಡ್ಡಹಲಗೆ ತಿಂದ ಜಾಗ ಕಳೆಯಬೇಕು, ಪೈಪು ತಿಂದದ್ದು ಕಳೆಯಬೇಕು, ಸ್ಪೀಕರಿನ ಹಿಂದಿನ ಅಯಸ್ಕಾಂತ ತಿನ್ನುವುದನ್ನೂ ಕಳೆಯಬೇಕು. ಉಳಿದದ್ದೇ ಗಾಳಿ. ಆ ಗಾಳಿ ಕಡಿಮೆಯಾದರೆ ಪೈಪನ್ನು ಉದ್ದ ಮಾಡಬೇಕು, ಇಲ್ಲದಿದ್ದರೆ ಚೆಂಡೆ ಬಾರಿಸಿದರೆ ತಗಡು ಬಾರಿಸಿದಂತೆ ಕೇಳುತ್ತದೆ. "ಹಲಗೆ ಯಾರು ಬೇಕಾದ್ರೂ ಕುಯ್ಯಲಿ. ಪೈಪ್ ಮಾತ್ರ ನಾನೇ ಅಳೆದು ನಾನೇ ಅಂಟಿಸುದು. ಅದಕ್ಕೆ ಬೇರೆಯವರ ಕೈ ತಾಗಿಸ್ಲಿಕ್ಕೆ ಬಿಡುದಿಲ್ಲ," ಎಂದಿದ್ದ.

ಶರಣವ್ವ ತಲೆದೂಗಿ ಚಹಾ ಕುಡಿದು ಹೋಗಿದ್ದಳು. ಮೊನ್ನೆ ಚಹಾ ಕೊಟ್ಟಿದ್ದ.

"ಒಂಬತ್ತು," ಎಂದಳು. ಬಕೆಟ್ಟು ಪೇಂಟಿನದು, ಹತ್ತು ಲೀಟರು ಹಿಡಿಯುವಂಥದ್ದು. ಇನ್ನೊಂದು ಅರ್ಧಕ್ಕೆ ಚುರಮುರಿ ಬಾಯಿಮಟ್ಟ ಬಂದು ನಿಂತಿತು. ಪೆಟ್ಟಿಗೆಯನ್ನು ತಟ್ಟಿ, ಅಲುಗಿಸಿ, ಅಂಗೈಯಿಂದ ಸವರಿ ಸಮ ಮಾಡಿದಳು. "ಒಂಬತ್ತೂವರಿ. ನಿನ್ನ ಲೆಕ್ಕ ಎಷ್ಟಂತಪಾ?"

ಹಿತೇಶನಿಗೆ ತಡೆಯಲಾಗಲಿಲ್ಲ. "ತೊಂಬತ್ತನಾಲ್ಕು ಲೀಟರ್. ಸ್ಪೀಕರ್ ಕೂರಿಸಿದ್ರೆ ಇನ್ನೂ ಮೂರು ಕಡಿಮೆ. ನೋಡಿದ್ರಾ? ನಿಮ್ಮ ಬಕೆಟೂ ಅದನ್ನೇ ಹೇಳ್ತದೆ."

"ಶಾಣ್ಯಾ ಇದ್ದೀ," ಎಂದಳು ಶರಣವ್ವ. "ಈಗ ಇದರ ಜೋಡೀದು ನೋಡೂಣು."

"ಅದೂ ಅಷ್ಟೇ. ಒಂದೇ ಸೈಜ್, ಒಂದೇ ದಿನ ಮಾಡಿದ್ದು. ಪುನಃ ಯಾಕೆ?"

"ಎರಡು ಎತ್ತು ಕೊಳ್ಳಾಕ ಹೋಗಿ ಒಂದರ ಹಲ್ಲು ನೋಡಿ ಬರತಾರೇನು?"

ಪೆಟ್ಟಿಗೆ ಬೋರಲು ಹಾಕಿ ಚಾದರದ ಮೇಲೆ ಚುರಮುರಿ ಬರಿದು ಮಾಡಲು ಹೊತ್ತು ಹಿಡಿಯಿತು. ಹಿತೇಶ್ ಕೈ ಹಚ್ಚಲಿಲ್ಲ. ಸೇವಂತಿಯೇ ಸೆರಗು ಸಿಕ್ಕಿಸಿ ಒಂದು ಕಡೆ ಹಿಡಿದಳು.

"ನೋಡಿ ಅಕ್ಕ, ನಿಮ್ಮ ಅವಸ್ಥೆ," ಎಂದ ಹಿತೇಶ್ ಅವಳಿಗೆ. "ಗಂಡ ಮಾಡಿದ್ದಕ್ಕೆ ನೀವು ಬೇರೆಯವರ ವರ್ಕ್‌ಶಾಪ್ ಗುಡಿಸುದು."

ಸೇವಂತಿ ತಲೆ ಎತ್ತಲಿಲ್ಲ. "ನೀನು ನಮ್ಮಲ್ಲಿ ಎಷ್ಟು ಸಲ ಉಂಡಿದ್ದಿ, ಹಿತೇಶ. ನಾನು ಬಡಿಸುವಾಗ ಹೀಗೆ ಮಾತಾಡ್ತಿರಲಿಲ್ಲ."

"ಆಗ ಮನೆಗೆ ಪೊಲೀಸ್ ಬರ್ತಿರಲಿಲ್ಲ."

"ಬಾಯಿ ಸಾಕು," ಎಂದಳು ಶರಣವ್ವ. "ಲಾಭ."

ಎರಡನೆಯ ಪೆಟ್ಟಿಗೆ ಮೊದಲನೆಯದರ ಅವಳಿ. ಅದೇ ಕಪ್ಪು ಬಣ್ಣ, ಅದೇ ಮೂಲೆಕಬ್ಬಿಣ, ತಳದಲ್ಲಿ ಅದೇ ನಾಲ್ಕು ಗಾಲಿ. ಎರಡು, ಮೂರು, ನಾಲ್ಕು. ಐದಾಗುವಾಗ ಹಿತೇಶ್ ಮೊಬೈಲನ್ನು ಕಿಸೆಗೆ ಹಾಕಿದ. ಆರಾಗುವಾಗ ಗೋಡೆ ಬಿಟ್ಟು ಮುಂದೆ ಬಂದ.

ಏಳನೆಯದು ಪೂರ್ತಿ ಇಳಿಯಿತು. ಎಂಟನೆಯದರಲ್ಲಿ ಕಾಲು ಭಾಗವೂ ಹೋಗಲಿಲ್ಲ. ಚುರಮುರಿ ಬಾಯಿ ತುಂಬಿ, ಗೋಪುರವಾಗಿ, ನೆಲಕ್ಕೆ ಚೆಲ್ಲಿತು.

ಶರಣವ್ವ ಅಲುಗಿಸಿದಳು. ತಟ್ಟಿದಳು. ಹಿಡಿಯಷ್ಟು ಕೂಡ ಕೆಳಗಿಳಿಯಲಿಲ್ಲ.

"ಎರಡು ಬಕೆಟ್ ಗಾಳಿ ಎಲ್ಲಿ ಹೋತು, ಹಿತೇಶ?"

"ಅಡ್ಡಹಲಗೆಯಲ್ಲಿ ಸಿಕ್ಕಿಕೊಂಡಿರ್ಬೇಕು. ಕುರ್ಮುರಾದಲ್ಲಿ ಸಂದು ಇರ್ತದೆ. ಇದೆಲ್ಲ ಸೈನ್ಸ್ ಅಲ್ಲ ಮೌಶಿ."

"ಸಂದು ಐತಿ ಅಂದ್ರ ಎರಡಕ್ಕೂ ಐತಿ. ಬಕೀಟಿನ್ಯಾಗೂ ಐತಿ. ಆ ಪೆಟಗಿಗೆ ನಿನ್ನ ಲೆಕ್ಕ ಕೂಡಿ ಬಂತಲ್ಲ ಇದ ಚುರಮುರಿಲೆ?"

"ಹಾಗಾದ್ರೆ ಇದಕ್ಕೆ ಅಡ್ಡಹಲಗೆ ಜಾಸ್ತಿ ಹಾಕಿರ್ಬೇಕು."

"ಎರಡು ಬಕೀಟಿನಷ್ಟು? ಅದು ಅಡ್ಡಹಲಗಿ ಅಲ್ಲಪಾ, ಬಾಗಿಲದ ಚೌಕಟ್ಟು ಆತು."

ಹಿತೇಶ್ ತುಟಿ ನೆಕ್ಕಿಕೊಂಡ. ಆಮೇಲೆ ಹೆಗಲು ಹಾರಿಸಿದ. "ಮಿಸ್ತ್ರಿ ತಪ್ಪು ಮಾಡಿರ್ಬೇಕು. ಬಿಹಾರದವ, ಊರಿಗೆ ಹೋಗಿದ್ದಾನೆ. ಅವ ಒಳಗೆ ಎಂತ ಹಲಗೆ ಹೊಡೆದಿದ್ದಾನೋ ನನಗೆ ಹೇಗೆ ಗೊತ್ತಾಗ್ಬೇಕು?"

"ಒಳಗ ಜಾಗ ಕಡಿಮಿ ಐತಿ ಅಂತ ನಿನಗ ಗೊತ್ತ ಇರಲಿಲ್ಲ?"

"ಇಲ್ಲ."

"ಇವತ್ತ ನೋಡಿದಿ?"

"ಹೇಳಿದೆ ಅಲ್ವಾ? ಇವತ್ತೇ. ನಿಮ್ಮ ಜೊತೆಗೇ."

ಶರಣವ್ವನ ಊರಿನ ಪೇಟೆಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಕೊಡುವಾಗ ಒಂದು ಸೇರು, ಕೊಳ್ಳುವಾಗ ಒಂದು ಸೇರು. ಕೊಡುವ ಸೇರಿನ ತಳದಲ್ಲಿ ಎರಡು ಬೆರಳು ಮೇಣ. ಹೊರಗಿನಿಂದ ಎರಡೂ ಒಂದೇ. ಸಿಕ್ಕಿಬಿದ್ದ ದಿನ ಅವನು ಹೇಳಿದ್ದೂ ಇದನ್ನೇ, ಕಂಚುಗಾರನ ತಪ್ಪು ಎಂದು. ಆದರೆ ಅವನ ಕೈ ಯಾವತ್ತೂ ತಪ್ಪಿ ಒಂದರ ಬದಲು ಇನ್ನೊಂದನ್ನು ಎತ್ತಿರಲಿಲ್ಲ. ಅಷ್ಟು ಸಾಕಾಗಿತ್ತು ಊರವರಿಗೆ.

ಅವಳು ಮೂಲೆಯಲ್ಲಿಟ್ಟಿದ್ದ ತಂತಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಬಾಗಿಸಿದ ತುದಿಯಿಂದ ಮೇಲಕ್ಕೆ ಎರಡು ಕಡೆ ದಾರ ಕಟ್ಟಿತ್ತು, ಒಂದು ಬಿಳಿ, ಒಂದು ಕೆಂಪು.

"ಪೈಪಿನ ಕೆಳಗಿನ ಅಂಚಿಗೆ ಕೊಕ್ಕಿ ಸಿಗಿಸಿ ಮ್ಯಾಲಿನ ಬಾಯಿಗೆ ದಾರ ಕಟ್ಟೀನಿ. ಬಿಳೇದು ಮೊದಲಿನ ಪೆಟಗೀದು. ಕೆಂಪು ಇದರದು. ನೋಡು, ನಡುವ ಎಷ್ಟು ಐತಿ?"

ಅವನು ನೋಡಲಿಲ್ಲ. ಅವಳೇ ಬೆರಳು ಇಟ್ಟು ತೋರಿಸಿದಳು. ಮೂರು ಬೆರಳು.

"ಗಾಳಿ ಕಡಿಮಿ ಆದ್ರ ಪೈಪು ಉದ್ದ ಮಾಡಬೇಕು. ಯಾರು ಹೇಳಿದ್ರು? ನೀನ. ಪೈಪಿಗೆ ಬ್ಯಾರೇದವರ ಕೈ ತಾಗಸೂದಿಲ್ಲ. ಯಾರು ಹೇಳಿದ್ರು? ಅದೂ ನೀನ. ಪೆಟಗಿ ಸಣ್ಣದು ಅಂತ ಗೊತ್ತಿಲ್ಲದಾಂವ ಪೈಪು ಯಾಕ ಉದ್ದ ಇಟ್ಟಿ?"

ವರ್ಕ್‌ಶಾಪಿನಲ್ಲಿ ಫ್ಯಾನಿನ ಗಾಳಿಗೆ ಹಾರಿ ಬಿದ್ದ ಒಂದೆರಡು ಚುರಮುರಿ ಕಾಳು ನೆಲದ ಮೇಲೆ ಉರುಳಿದವು.

ಪೈಪನ್ನು ಹಾಗೇ ಬಿಟ್ಟಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಬೇಸ್ ಸ್ವಲ್ಪ ಕೆಡುತ್ತಿತ್ತು, ಅಷ್ಟೇ. ಭಜನೆಗೆ ಬಂದ ಜನ ಅದನ್ನು ಗಮನಿಸುವವರಲ್ಲ. ಆದರೆ ತನ್ನ ಹೆಸರಿನ ಸ್ಪೀಕರೊಂದು ಒಡಕು ದನಿಯಲ್ಲಿ ಹಾಡುವುದನ್ನು ಈ ಹುಡುಗನ ಕಿವಿ ಸಹಿಸದು. ಕಳ್ಳತನಕ್ಕೆ ಜಾಗ ಮಾಡಿಕೊಟ್ಟ ಕೈಯೇ ಕೂತು ಪೈಪಿನ ಉದ್ದ ಲೆಕ್ಕ ಹಾಕಿತ್ತು.

"ಹೊರಗೆ ನಡೀರಿ," ಎಂದ ಹಿತೇಶ್. ದನಿ ಏರಿರಲಿಲ್ಲ, ಆದರೆ ಕುತ್ತಿಗೆಯ ನರ ಉಬ್ಬಿತ್ತು. "ನೀವು ಈಗ ಪೊಲೀಸ್ ಅಲ್ಲ. ಪೆನ್ಶನ್ ತಗೊಂಡು ಮನೆಯಲ್ಲಿ ಕೂತ್ಕೊಳ್ಳುವ ಪ್ರಾಯ. ಡಬ್ಬಕ್ಕೆ ಒಂದು ಗೀರು ಬಿದ್ರೂ ನಾನು ಕಂಪ್ಲೇಂಟ್ ಕೊಡ್ತೇನೆ."

"ಪೆಟಗಿ ನಿಂದಲ್ಲ." ಗಾಲಿಗಳಿರುವ ತಳವೊಂದನ್ನು ಈವರೆಗೆ ಯಾರೂ ನೋಡಿರಲಿಲ್ಲ. ಶರಣವ್ವ ಫೋನ್ ತೆಗೆದು ಎಲ್ಲರಿಗೂ ಕೇಳುವಂತೆ ಹಚ್ಚಿದಳು. "ಸದಾನಂದ ಅವರೇ, ನಿಮ್ಮ ಎರಡನೇ ಪೆಟಗೀದು ತಳಾ ಬಿಚ್ಚಬೇಕು. ಒಪ್ಪಿಗೀ ಐತೇನ್ರಿ?"

ಆ ಕಡೆ ಗಾಡಿಗಳ ಹಾರ್ನ್. "ಬಿಚ್ಚಿ," ಎಂದಿತು ಸದಾನಂದನ ದಪ್ಪ ದನಿ. "ನಾನು ಇಲ್ಲೇ ಹೈವೇಯಲ್ಲಿದ್ದೇನೆ. ಇನ್‌ಸ್ಪೆಕ್ಟರೂ ಜೊತೆಗಿದ್ದಾರೆ. ಏನು ಸಿಕ್ಕಿದ್ರೂ ಅಲ್ಲಲ್ಲೇ ಇಡಿ. ಸಿಕ್ಕಿದ್ರೆ ಆ ಧನರಾಜನಿಗೆ ನಾಳೆ ಜಾಮೀನು ಸಿಗ್ಲಿಕ್ಕಿಲ್ಲ, ನೋಡಿ."

ಸೇವಂತಿಯ ಮುಖ ಕಪ್ಪಿಟ್ಟಿತು. ಆದರೂ ಮೇಜಿನ ಮೇಲಿನ ಸ್ಕ್ರೂಡ್ರೈವರನ್ನು ತಂದು ಶರಣವ್ವನ ಕೈಗಿತ್ತವಳು ಅವಳೇ.

ಪೆಟ್ಟಿಗೆಯನ್ನು ಪಕ್ಕಕ್ಕೆ ಹೊರಳಿಸಿದಾಗ ಗಾಲಿಗಳ ನಡುವಿನ ಕಪ್ಪು ಬಣ್ಣದಲ್ಲಿ ಏನೂ ಕಾಣಲಿಲ್ಲ. ಶರಣವ್ವ ಉಗುರಿನಿಂದ ಕೆರೆದಳು. ಒಂದು ಕಡೆ ಬಣ್ಣದ ಕೆಳಗೆ ಸಂದು ಮುಚ್ಚುವ ಮೆತ್ತನೆಯ ಲಪ್ಪ ಸಿಕ್ಕಿತು, ಅದರ ಕೆಳಗೆ ಸ್ಕ್ರೂವಿನ ತಲೆ. ಆಮೇಲೆ ಇನ್ನೊಂದು. ಹಿತೇಶ್ ಹಿಂದೆ ನಿಂತು ಉಸಿರು ಬಿಡುತ್ತಿದ್ದ. ಅವನು ಹೊಡೆದಾನು ಎಂದು ಅವಳ ಬೆನ್ನು ಕಾಯುತ್ತಿತ್ತು, ಕೈ ಸ್ಕ್ರೂ ತಿರುಗಿಸುತ್ತಿತ್ತು. ಅವನು ಹೊಡೆಯಲಿಲ್ಲ.

ಹಲಗೆ ಕಳಚಿತು. ಅದರ ಹಿಂದೆ ಸ್ಪೀಕರಿನ ಗಾಳಿಗೆ ಸಂಬಂಧವಿಲ್ಲದ ಒಂದು ಗೂಡು, ಗೇಣು ತುಂಬದಷ್ಟು ಎತ್ತರದ್ದು. ಅಲ್ಲಾಡದಂತೆ ನಾಲ್ಕೂ ಕಡೆ ಫೋಮು ತುರುಕಿತ್ತು. ಶರಣವ್ವ ಫೋಮನ್ನು ಎಳೆದಳು.

ದೇವಿಯ ಬೆಳ್ಳಿಯ ಮುಖ ಮೇಲೆ ನೋಡುತ್ತಿತ್ತು. ಹುಬ್ಬಿನ ಸಂದಿಯಲ್ಲಿ ದಸರೆಯ ಕುಂಕುಮ ಹಾಗೆಯೇ ಇತ್ತು.

ಸೇವಂತಿ ಎರಡೂ ಕೈ ಜೋಡಿಸಿ ನೆಲಕ್ಕೆ ಕುಸಿದಳು. "ಅಮ್ಮಾ," ಎಂದಳು. "ಸಿಕ್ಕಿತಲ್ಲ ಅಕ್ಕ. ಇವರದ್ದು ತಪ್ಪಿಲ್ಲ ಅಂತ ನಾಳೆ ಹೇಳ್ಬಹುದು ಅಲ್ವಾ? ಇವನ ಡಬ್ಬದಲ್ಲಿ ಸಿಕ್ಕಿದ್ದು ಅಂತ ಹೇಳ್ಬಹುದು ಅಲ್ವಾ?"

"ಹೇಳಬಹುದು ತಂಗಿ."

ಹಿತೇಶ್ ಸ್ಟೂಲಿನ ಮೇಲೆ ಕುಳಿತ. ಒಮ್ಮೆಲೇ ಅವನ ಬಿಗುವು ಸಡಿಲಿದಂತಿತ್ತು. ಸೋತವನ ಸಡಿಲಲ್ಲ ಅದು. ಶರಣವ್ವನಿಗೆ ಅದು ಹಿಡಿಸಲಿಲ್ಲ.

"ಹೇಳಿ," ಎಂದ. "ಇನ್‌ಸ್ಪೆಕ್ಟರಿಗೂ ಹೇಳಿ. ಈ ಗೂಡು ಯಾರು ಮಾಡಿದ್ದು ಅಂತ ಕೇಳ್ತಾರೆ, ನಾನು ಅಂತೇನೆ. ಯಾರು ಮಾಡ್ಲಿಕ್ಕೆ ಹೇಳಿದ್ದು ಅಂತಾನೂ ಕೇಳ್ತಾರೆ. ಅದನ್ನೂ ಹೇಳ್ತೇನೆ."

"ಯಾರು?"

"ಧನರಾಜಣ್ಣ."

ಅವನು ಸ್ಟೂಲನ್ನು ತಟ್ಟಿದ. "ಗಣಪತಿ ಹಬ್ಬಕ್ಕೂ ಮೊದಲು. ಇಲ್ಲೇ ಕೂತು. ಒಂದು ಡಬ್ಬದ ತಳದಲ್ಲಿ ಯಾರಿಗೂ ಕಾಣದ ಹಾಗೆ ಜಾಗ ಬೇಕು, ಸದಾನಂದಣ್ಣನಿಗೆ ಹೇಳಬೇಡ ಅಂದ್ರು. ಯಾಕೆ ಅಂತ ಕೇಳಿದೆ. ಅದು ನಿನಗೆ ಬೇಡ ಅಂದ್ರು. ಇಟ್ಟದ್ದು ಏನು ಅಂತ ನಾನು ಈಗ ನೋಡುದು. ನಂಬುದಾದ್ರೆ ನಂಬಿ."

"ಪೊಲೀಸರ ಮುಂದ ಆವತ್ತ ಯಾಕ ಹೇಳಲಿಲ್ಲ?"

"ಹೇಳಿದ್ರೆ ನನ್ನನ್ನೂ ಅವರ ಪಕ್ಕ ಕೂರಿಸ್ತಿದ್ರು."

ಶರಣವ್ವ ಬೆಳ್ಳಿಯ ಮುಖವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಸೇವಂತಿಯ ಕಡೆ ತಿರುಗಿದಳು. ಖಾತೆಯಲ್ಲಿದ್ದಾಗ ಅವಳು ಎಷ್ಟೋ ಹೆಂಡಂದಿರನ್ನು ನೋಡಿದ್ದಳು. ಗಂಡನ ಹೆಸರು ಪೂರ್ತಿ ಬಾಯಿಂದ ಬೀಳುವ ಮೊದಲೇ ಸುಳ್ಳು ಎನ್ನುತ್ತಾರೆ. ಕೊಲೆ ಮಾಡಿದ ಕೈ ಒರೆಸಿಕೊಟ್ಟವರೂ ಅನ್ನುತ್ತಾರೆ.

ಸೇವಂತಿ ಅನ್ನಲಿಲ್ಲ.

ಕಣ್ಣು ಒರೆಸಿಕೊಂಡಳು. ಎದ್ದಳು. ಸೀರೆಗೆ ಹತ್ತಿದ ಹೊಟ್ಟು ಕೊಡವಿದಳು. ಬಾಗಿಲಿಗೆ ಹೋಗಿ ಎರಡೂ ಕೈ ಮೇಲೆತ್ತಿ ಶಟರನ್ನು ಜೋತು ಎಳೆದಳು. ಮಧ್ಯಾಹ್ನದ ಬೆಳಕು ಒಂದು ಗೆರೆಯಾಗಿ, ಆ ಗೆರೆಯೂ ಹೋಯಿತು. ತಲೆಯ ಮೇಲಿನ ಟ್ಯೂಬ್‌ಲೈಟೊಂದೇ ಉಳಿಯಿತು. ಒಳಗಿನ ಅಗುಳಿ ಹಾಕಿದ ಸದ್ದು ಕೇಳಿತು.

"ಅದನ್ನು ಪುನಃ ಒಳಗಿಡಿ ಅಕ್ಕ."

"ಏನಂದಿ?"

"ಇದ್ದಲ್ಲೇ ಇಡಿ. ಇವ ಹಲಗೆ ಹೊಡೀತಾನೆ, ಬಣ್ಣ ಹಚ್ತಾನೆ. ವಸ್ತು ಸಿಗದಿದ್ರೆ ಒಂದಲ್ಲ ಒಂದು ದಿನ ಇವರಿಗೆ ಜಾಮೀನು ಕೊಡ್ತಾರೆ. ಸಿಕ್ಕಿದ್ರೆ ಇವನ ಬಾಯಿಯೂ ತೆರೀತದೆ."

"ನಿನಗ ಮೊದಲ ಗೊತ್ತಿತ್ತೇನು?"

ಸೇವಂತಿ ಅಗುಳಿಯನ್ನು ಇನ್ನೊಮ್ಮೆ ಒತ್ತಿ ನೋಡಿದಳು. "ನಾನು ನಿಮ್ಮನ್ನು ಕರೆದದ್ದು ನನ್ನ ಗಂಡನನ್ನು ಹೊರಗೆ ತರ್ಲಿಕ್ಕೆ," ಎಂದಳು. "ದೇವಿಯನ್ನು ತರ್ಲಿಕ್ಕೆ ನಾನು ಹೇಳಲಿಲ್ಲ."

"ಕಂಡದ್ದು ಕಂಡಿಲ್ಲ ಅನ್ನಾಕ ನನಗ ಆಗೂದಿಲ್ಲ, ಸೇವಂತಿ."

"ಆಗಬೇಕು."

ಹೊರಗೆ ಒಂದು ಕಾರು ಬಂದು ನಿಂತಿತು. ಎರಡು ಬಾಗಿಲು ಒಂದಾದ ಮೇಲೊಂದು ಬಡಿದುಕೊಂಡವು. ಯಾರೋ ಶಟರಿಗೆ ಅಂಗೈಯಿಂದ ಗುದ್ದಿದರು. "ಹಿತೇಶ, ತೆಗಿ. ಶರಣವ್ವ ಅವರೇ, ಒಳಗಿದ್ದೀರಾ? ಏನಾದ್ರೂ ಸಿಕ್ಕಿತಾ?"

ಶರಣವ್ವ ಬಾಯಿ ತೆರೆಯುವ ಮೊದಲೇ ಸೇವಂತಿ ಶಟರಿನ ಹತ್ತಿರ ಮುಖ ತಂದಳು. ಹೋಟೆಲಿನ ಗಿರಾಕಿಗೆ ಇಡ್ಲಿ ಮುಗಿದಿದೆ ಎಂದು ಹೇಳುವಷ್ಟೇ ಸಲೀಸಾಗಿ ಅವಳ ದನಿ ಬಂತು.

"ಎಂತದೂ ಸಿಗಲಿಲ್ಲ ಸದಾನಂದಣ್ಣ. ಶರಣವ್ವಕ್ಕ ಆಗಲೇ ಹೋದ್ರು. ಶಟರ್ ಸಿಕ್ಕಿಕೊಂಡಿದೆ, ಸ್ವಲ್ಪ ನಿಲ್ಲಿ."

ಆಮೇಲೆ ತಿರುಗಿ ಎರಡೂ ಕೈ ಚಾಚಿದಳು. ಬಲಗೈಯಲ್ಲಿ ಸ್ಕ್ರೂಡ್ರೈವರ್ ಇತ್ತು, ಮೊನೆ ಶರಣವ್ವನ ಕಡೆಗೆ. ಅದನ್ನು ಯಾವಾಗ ಎತ್ತಿಕೊಂಡಳೋ ಶರಣವ್ವ ನೋಡಿರಲಿಲ್ಲ.

"ಕೊಡಿ ಅಕ್ಕ."

ಶರಣವ್ವ ಬೆಳ್ಳಿಯ ಮುಖವನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಬೆನ್ನಿಗೆ ಗೋಡೆ ತಾಗಿತು.

ಹಿತೇಶ್ ಸ್ಟೂಲಿನಿಂದ ಎದ್ದು, ಸೇವಂತಿಯ ಪಕ್ಕಕ್ಕೆ ಬಂದು ನಿಂತು, ಕೈ ಚಾಚಿ, ಲೈಟ್ ಆರಿಸಿದ.